ಮೇಷ್ಟ್ರ ಹಿಂದೆ ಏಳು ಹುಡುಗಿಯರು

ಮನೆ ಬೆಚ್ಚಗಿಡುವ ಫರ್ನೇಸಿನ ಫಿಲ್ಟರನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಇದನ್ನು ಮೂವತ್ತು ವರ್ಷ ಎಲಿಕಾಟ್ ಸಿಟಿಯ ಮನೆಮನೆಗೆ ಹೋಗಿ ಹೇಳಿದವನು ನಾನು. ನನ್ನ ಮನೆಯ ಫಿಲ್ಟರನ್ನು ಮಾತ್ರ ಹತ್ತು ತಿಂಗಳಿಂದ ಮುಟ್ಟಿರಲಿಲ್ಲ. ಹೆಂಡತಿ ರತ್ನ ಹೋದಮೇಲೆ ಎಷ್ಟೋ ಕೆಲಸಗಳು ಹಾಗೇ ನಿಂತುಹೋಗಿವೆ, ಅದರಲ್ಲಿ ಇದೂ ಒಂದು. ಮೊನ್ನೆ ಫರ್ನೇಸು ಕೆಮ್ಮುವುದಕ್ಕೆ ಶುರುಮಾಡಿತು. ಕಸುಬಿನವನಿಗೆ ಅದಕ್ಕಿಂತ ನಾಚಿಕೆ ಬೇರೆ ಇಲ್ಲ ನೋಡಿ. ನೆಲಮಾಳಿಗೆಗೆ ಇಳಿದು ಹಳೆಯ ಫಿಲ್ಟರನ್ನು ಎಳೆದೆ. ಹಿಂದೆ ಗೋಡೆಗೆ ಒರಗಿಸಿದ್ದ ಉದ್ದನೆಯ ಸುರುಳಿಯೊಂದು ಜಾರಿ ನನ್ನ ಹೆಗಲ ಮೇಲೆ ಬಿತ್ತು.

ಅದು ಶಾಲೆಯ ಗೋಡೆಗೆ ತೂಗುಹಾಕುವಂಥ ದೊಡ್ಡ ನಕ್ಷೆ. ದಪ್ಪ ಬಟ್ಟೆಗೆ ಅಂಟಿಸಿ, ಮೇಲೆ ವಾರ್ನಿಷ್ ಬಳಿದು, ಮೇಲೂ ಕೆಳಗೂ ಮರದ ಕೋಲು ಹಾಕಿರುತ್ತಾರಲ್ಲ, ಅಂಥದ್ದು. ಬಿದ್ದ ರಭಸಕ್ಕೆ ಅದರಿಂದ ಒಂದು ವಾಸನೆ ಎದ್ದಿತು: ವಾರ್ನಿಷ್, ಹಳೆ ಬಟ್ಟೆ, ಸ್ವಲ್ಪ ಧೂಳು. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಫರ್ನೇಸಿನ ಹತ್ತಿರ ಏನೂ ಇಡಬಾರದು ಎನ್ನುವುದು ಈ ಮನೆಯಲ್ಲಿ ನಾನು ಮಾಡಿದ ಒಂದೇ ಒಂದು ನಿಯಮ. ರತ್ನ ಅದನ್ನು ಮುರಿದದ್ದು ಈ ನಕ್ಷೆಗಾಗಿ. "ಇಲ್ಲಿ ಬೆಚ್ಚಗಿರತ್ತೆ ರೀ, ವಾಸನೆ ಕೆಡಲ್ಲ" ಎಂದಿದ್ದಳು. ಬಿಚ್ಚಿ ಗೋಡೆಗೆ ಹಾಕೋಣ ಎಂದರೆ, "ಬಿಚ್ಚಬೇಡಿ. ನೋಡೋಕೆ ನಮ್ಮ ಹತ್ರ ಬೇರೆ ಮ್ಯಾಪ್ ಇಲ್ವಾ? ಇದು ಮೂಸೋ ಮ್ಯಾಪು" ಎಂದು ನಕ್ಕಿದ್ದಳು. ಮೂಸುವುದಕ್ಕೆಂದು ಪ್ರಪಂಚದ ನಕ್ಷೆ ಇಟ್ಟುಕೊಂಡ ಹೆಂಗಸು ಈ ಮೇರಿಲ್ಯಾಂಡಿನಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ.

ಇದು ಹೇಗೆ ನಮ್ಮ ಮನೆಗೆ ಬಂತೆಂದು ಹೇಳಬೇಕಾದರೆ ತೊಂಬತ್ತರ ದಶಕಕ್ಕೆ ಹೋಗಬೇಕು. ನನ್ನ ಹತ್ತಿರ ಈಗ ಹೊತ್ತು ಬೇಕಾದಷ್ಟಿದೆ. ನಿಮಗೂ ಇದ್ದರೆ ಕೂತುಕೊಳ್ಳಿ.

ಮೊದಲು ನನ್ನ ವಿಷಯ ಮುಗಿಸಿಬಿಡುತ್ತೇನೆ, ಅದು ಚಿಕ್ಕದು. ನಾನು ಮೈಸೂರಿನಲ್ಲಿ ಐಟಿಐ ಮಾಡಿದವನು, ರೆಫ್ರಿಜರೇಷನ್ ಟ್ರೇಡು. ಭಾವಮೈದ ಕಾಗದಪತ್ರ ಮಾಡಿಸಿ ಕರೆಸಿಕೊಂಡದ್ದರಿಂದ ಇಲ್ಲಿಗೆ ಬಂದೆವು. ಆಗ ಇಲ್ಲಿ ಕನ್ನಡದವರು ಸೇರಿದಲ್ಲೆಲ್ಲ ಕಂಪ್ಯೂಟರ್ ಮಾತೇ. "ನೀವು ಯಾವ ಪ್ರಾಜೆಕ್ಟ್‌ನಲ್ಲಿದ್ದೀರ?" ಎಂದು ಯಾರಾದರೂ ಕೇಳಿದರೆ "ಬಿಸಿಗಾಳಿ, ತಂಗಾಳಿ" ಎನ್ನುತ್ತಿದ್ದೆ. ಅವರು ಅದನ್ನೂ ಯಾವುದೋ ಸಾಫ್ಟ್‌ವೇರ್ ಎಂದುಕೊಂಡು ತಲೆಯಾಡಿಸುತ್ತಿದ್ದರು. ನಾನು ಮನುಷ್ಯರ ಜತೆಗಿಂತ ಯಂತ್ರಗಳ ಜತೆ ಚೆನ್ನಾಗಿ ಮಾತಾಡುತ್ತೇನೆ. ರತ್ನ ಹಾಗಲ್ಲ. ಇಂಗ್ಲಿಷ್ ಅರ್ಧ ಬಂದರೂ ಅದರಲ್ಲೇ ಇಡೀ ಊರನ್ನು ಮಾತಾಡಿಸುತ್ತಿದ್ದಳು.

ನಮ್ಮ ಮನೆಯಿಂದ ಎರಡು ಮೈಲಿ ದೂರದಲ್ಲಿ, ಗುಡ್ಡದ ಮೇಲೆ, ಒಂದು ಹಳೆಯ ಖಾಸಗಿ ಶಾಲೆಯಿತ್ತು. ಕಲ್ಲಿನ ಕಟ್ಟಡ, ಲ್ಯಾಟಿನ್ ಪಾಠ, ಹುಡುಗರೆಲ್ಲ ಕೋಟು, ಟೈ, ಬೂದು ಬಣ್ಣದ ಪ್ಯಾಂಟು. ಬರೀ ಹುಡುಗರು. ಅಲ್ಲಿನ ಬಾಯ್ಲರು ನನಗಿಂತ ವಯಸ್ಸಾದದ್ದು, ಅದಕ್ಕೆ ವರ್ಷಕ್ಕೆರಡು ಸಲ ಸೇವೆ ಮಾಡಿ ಬರುತ್ತಿದ್ದೆ. ಬಾಯ್ಲರಿನ ಪಕ್ಕದ ಕೋಣೆಯಲ್ಲಿ ಹುಡುಗರ ಕೋಟಿಗೆ ಗುಂಡಿ ಹಾಕಿ, ಪ್ಯಾಂಟಿನ ಅಂಚು ಬಿಚ್ಚಿ ಹೊಲಿಯುವ ಮುದುಕಿ ಕೆಲಸ ಬಿಟ್ಟಾಗ ನಾನು ರತ್ನನ ಹೆಸರು ಹೇಳಿದೆ. ಒಂದು ತಿಂಗಳಿಗೆಲ್ಲ ಅವಳು "ಮಿಸ್ ರತ್ನ" ಆಗಿಬಿಟ್ಟಳು. ಉದ್ದುದ್ದ ಬೆಳೆದ ಹುಡುಗರು ತಲೆ ಬಗ್ಗಿಸಿ ಆ ಕೋಣೆಗೆ ಬಂದು ಗುಂಡಿ ಹಾಕಿಸಿಕೊಂಡು, ಒಂದೊಂದು ಕೋಡುಬಳೆ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು. ಕೋಡುಬಳೆಗೋಸ್ಕರ ಗುಂಡಿ ಕಿತ್ತುಕೊಂಡು ಬರುವವರೂ ಇದ್ದಾರೆ ಎಂಬ ಅನುಮಾನ ಅವಳಿಗಿತ್ತು.

ಒಂದು ಬೇಸಿಗೆಯಲ್ಲಿ ಹೆಡ್ಮಾಸ್ಟರೇ ಆ ಕೋಣೆಗೆ ಇಳಿದು ಬಂದರು. ಆರೂಕಾಲಡಿ ಎತ್ತರದ, ಯಾವಾಗಲೂ ಕ್ಷಮೆ ಕೇಳುವಂತೆ ಮಾತಾಡುವ ಮನುಷ್ಯ. ಸೆಪ್ಟೆಂಬರಿನಿಂದ ಒಂಬತ್ತನೇ ಕ್ಲಾಸಿಗೆ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತೇವೆ, ಅವರು ಏನು ಹಾಕಿಕೊಳ್ಳಬೇಕೋ ನಮಗೆ ಯಾರಿಗೂ ಗೊತ್ತಿಲ್ಲ, ನೀವೇ ಏನಾದರೂ ಮಾಡಿ ಎಂದರು. ರತ್ನ ಪ್ಯಾಂಟಿನ ಬಟ್ಟೆಯಲ್ಲೇ ನೆರಿಗೆಯ ಸ್ಕರ್ಟು ಹೊಲಿದಳು. ಒಂದೊಂದಕ್ಕೂ ಎರಡು ಆಳವಾದ ಜೇಬು. "ಗಂಡುಮಕ್ಕಳಿಗೆ ನಾಕ್ ನಾಕ್ ಜೇಬಿದೆ. ಇವಕ್ಕೆ ಎರಡಾದ್ರೂ ಬೇಡ್ವಾ?" ಎನ್ನುವುದು ಅವಳ ವಾದ. ಶಾಲೆಯವರ ತಯಾರಿ ಇದಕ್ಕಿಂತ ಕಷ್ಟದ್ದು. ಒಂದು ಗಂಡಸರ ಶೌಚಾಲಯಕ್ಕೆ ಹುಡುಗಿಯರ ಬೋರ್ಡು ಹಾಕಿ, ಗೋಡೆಗಿದ್ದ ಮೂತ್ರದ ಬೇಸಿನ್ನುಗಳನ್ನು ಕೀಳಿಸುವುದಕ್ಕೆ ಹೊತ್ತಿಲ್ಲದೆ, ಒಂದೊಂದರಲ್ಲೂ ಒಂದೊಂದು ಜೆರೇನಿಯಂ ಹೂವಿನ ಕುಂಡ ಇಟ್ಟರು. ಆ ವರ್ಷವಿಡೀ ಆ ಹೂಗಳು ಚೆನ್ನಾಗಿಯೇ ಅರಳಿದವು.

ಸೇರಿದವರು ಏಳು ಜನ. ಏಳನೆಯವಳು ನಮ್ಮ ಮಗಳು ಚೇತನಾ. ಕೆಲಸಗಾರರ ಮಕ್ಕಳಿಗೆ ಫೀಸಿಲ್ಲ ಎಂದದ್ದೇ ತಡ, ರತ್ನ ಅವಳನ್ನು ಸೇರಿಸಿದಳು. ಪೋಷಕರ ಸಭೆಯಲ್ಲಿ ಹೆಡ್ಮಾಸ್ಟರು ಒಂದು ಮಾತು ಹೇಳಿದ್ದರು: ಇದು ಪ್ರಯೋಗ. ವರ್ಷದ ಕೊನೆಗೆ ಕಡೇಪಕ್ಷ ಆರು ಜನ ಉಳಿದಿದ್ದರೆ ಮುಂದಿನ ವರ್ಷವೂ ಹುಡುಗಿಯರನ್ನು ಸೇರಿಸಿಕೊಳ್ಳುತ್ತೇವೆ. ಇಲ್ಲದಿದ್ದರೆ ಮತ್ತೆ ಮೊದಲಿನಂತೆ ಹುಡುಗರ ಶಾಲೆ. ಆ ಮಾತು ಕೇಳಿ ರತ್ನ ನನ್ನ ಮೊಣಕೈ ಹಿಡಿದುಕೊಂಡಳು. ಬಿಗಿಯಾಗಿಯೇ ಹಿಡಿದಳು. ಯಾಕೆಂದು ಆಗ ನಾನು ಕೇಳಲಿಲ್ಲ.

ಈಗ ಮೊದಲ ದಿನಕ್ಕೆ ಬರೋಣ. ಆ ಶಾಲೆಯಲ್ಲಿ ಎರಡು ಹಳೇ ಪದ್ಧತಿಗಳಿದ್ದವು. ಬೆಲ್ಲಾದ ಮೇಲೆ ಮೇಷ್ಟ್ರು ಸ್ಟಾಫ್ ರೂಮಿನಿಂದ ಕ್ಲಾಸಿಗೆ ಬರುವುದು ಒಂದು, ಅವರು ಒಳಗೆ ಬಂದಾಗ ಹುಡುಗರೆಲ್ಲ ಎದ್ದು ನಿಲ್ಲುವುದು ಇನ್ನೊಂದು. ರತ್ನ ಬೆಳಿಗ್ಗೆಯೇ ಏಳು ಹುಡುಗಿಯರನ್ನೂ ತನ್ನ ಹೊಲಿಗೆ ಕೋಣೆಯಲ್ಲಿ ಕೂರಿಸಿಕೊಂಡಳು. ಬೆಲ್ಲಾಯಿತು. ಅವರು ಏಳಲು ಹೋದರೆ "ವೇಟ್, ವೇಟ್" ಎಂದು ತಡೆದಳು. ಆಮೇಲೆ ಅವರನ್ನು ಸಾಲಾಗಿ ಕರೆದುಕೊಂಡು ಹೋಗಿ ಕ್ಲಾಸಿನ ಬಾಗಿಲ ಹೊರಗೆ ನಿಲ್ಲಿಸಿದಳು. ಲ್ಯಾಟಿನ್ ಮೇಷ್ಟ್ರು ಕೈಯಲ್ಲಿ ಕಾಫಿ ಹಿಡಿದುಕೊಂಡು ಬಂದರು. ಎಪ್ಪತ್ತರ ಹತ್ತಿರದ, ಕಿವಿ ಸ್ವಲ್ಪ ಮಂದವಾದ ಸಜ್ಜನ. ಬಾಗಿಲಲ್ಲಿ ಹುಡುಗಿಯರನ್ನು ಕಂಡು, ದೊಡ್ಡ ಮನುಷ್ಯರಂತೆ ಪಕ್ಕಕ್ಕೆ ಸರಿದು, ನೀವು ಮೊದಲು ಎಂದು ಕೈ ಮಾಡಿದರು.

"ನೋ ಸರ್. ಯೂ ಫಸ್ಟ್," ಎಂದಳು ರತ್ನ.

"ಲೇಡೀಸ್ ಫಸ್ಟ್, ಮಿಸ್ ರತ್ನ."

"ನೋ, ನೋ, ಸರ್. ಟೀಚರ್ ಫಸ್ಟ್. ಗರ್ಲ್ಸ್ ಬಿಹೈಂಡ್."

ಆ ಮನುಷ್ಯ ನಲವತ್ತು ವರ್ಷದಲ್ಲಿ ಯಾವ ಹೆಂಗಸಿನ ಜತೆಯೂ ವಾದ ಮಾಡಿರಲಿಲ್ಲವೆಂದು ಕಾಣುತ್ತದೆ. ಸುಮ್ಮನೆ ಒಳಗೆ ಹೋದರು. ಹಿಂದೆ ಏಳು ಹುಡುಗಿಯರು, ಬಾತುಕೋಳಿ ಮರಿಗಳ ಹಾಗೆ. ಮೇಷ್ಟ್ರು ಬಂದದ್ದು ಕಂಡು ಇಪ್ಪತ್ತೆರಡು ಹುಡುಗರು ದಡಬಡ ಎದ್ದು ನಿಂತರು. ಹುಡುಗಿಯರಿಗೆ ಈ ಪದ್ಧತಿ ಏನು ಗೊತ್ತು? ತಮಗೋಸ್ಕರವೇ ಎದ್ದರು ಎಂದುಕೊಂಡರು. ಒಂದು ಕ್ಷಣ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಆಗ ಸಾಲಿನ ಕೊನೆಯಲ್ಲಿದ್ದ ಚೇತನಾ, ತುಂಬಾ ಮರ್ಯಾದೆಯಿಂದ, "ಥ್ಯಾಂಕ್ ಯೂ. ಪ್ಲೀಸ್ ಸಿಟ್ ಡೌನ್" ಎಂದಳಂತೆ.

ಹುಡುಗರು ಕೂತರು.

ಆ ದಿನ ಮನೆಯಲ್ಲಿ ಚೇತನಾ ಇದನ್ನು ನಾಲ್ಕು ಸಲ ಅಭಿನಯಿಸಿ ತೋರಿಸಿದಳು. ನಾನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, "ಅಲ್ಲ ಕಣೆ, ಹಿಂದೆ ಹೋಗಬೇಕು ಅಂತ ನಿನಗೆ ಯಾರು ಹೇಳಿದ್ರು?" ಎಂದು ಕೇಳಿದೆ. ರತ್ನ ನಿಜವಾಗಿಯೂ ಆಶ್ಚರ್ಯದಿಂದ ನನ್ನನ್ನು ನೋಡಿದಳು.

"ಮತ್ತೆ ಹೆಣ್ಮಕ್ಕಳು ಇನ್ನು ಹೆಂಗ್ರೀ ಹೋಗ್ತಾರೆ, ಹುಡುಗರ ಸ್ಕೂಲಲ್ಲಿ?"

ಆಗ ಅವಳ ಶಾಲೆಯ ಕಥೆ ಬಂತು. ಮದುವೆಯಾಗಿ ಹದಿನೆಂಟು ವರ್ಷವಾಗಿದ್ದರೂ ನಾನು ಅದನ್ನು ಪೂರ್ತಿ ಕೇಳಿರಲಿಲ್ಲ. ಅವಳೂರು ನರಸೀಪುರದ ಕಡೆಯದು. ಅಲ್ಲಿ ಇದ್ದದ್ದು ಹುಡುಗರ ಹೈಸ್ಕೂಲು ಒಂದೇ. ಅವಳ ಕಾಲಕ್ಕೆ ಮೊದಲ ಸಲ ಐದು ಹುಡುಗಿಯರನ್ನು ಸೇರಿಸಿಕೊಂಡರು. ಕ್ಲಾಸು ಇಲ್ಲದ ಹೊತ್ತಿನಲ್ಲಿ ಅವರು ನಕ್ಷೆಗಳನ್ನಿಡುವ ಕೋಣೆಯಲ್ಲಿ, ಒಬ್ಬ ಆಯಾ ಜತೆ ಕೂತಿರಬೇಕು. ಮೇಷ್ಟ್ರು ಬಂದು ಬಾಗಿಲ ಹತ್ತಿರ ಕೆಮ್ಮಬೇಕು. ಅವರ ಹಿಂದೆ ಇವರು ಸಾಲಾಗಿ ಹೋಗಿ ಪಕ್ಕದ ಬೆಂಚಿನಲ್ಲಿ ಕೂರಬೇಕು. ಪಾಠ ಮುಗಿದರೆ ಮತ್ತೆ ಅವರ ಹಿಂದೆಯೇ ವಾಪಸು. ಐದು ಹುಡುಗಿಯರೂ ಸುತ್ತಿಟ್ಟ ನಕ್ಷೆಗಳ ನಡುವೆ ಕೂತು ಸೀಬೆಕಾಯಿ ತಿಂದು, ಯಾರಿಗೂ ಕಾಣದ ಹಾಗೆ ನಕ್ಷೆ ಬಿಚ್ಚಿ ರಾಜಧಾನಿಗಳ ಆಟ ಆಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಇವಳು ನನ್ನನ್ನು ಮಂಗೋಲಿಯಾದ ರಾಜಧಾನಿ ಯಾವುದೆಂದು ಕೇಳಿ ತಬ್ಬಿಬ್ಬು ಮಾಡಿದ್ದು ಯಾಕೆಂದು ನನಗೆ ಹದಿನೆಂಟು ವರ್ಷದ ಮೇಲೆ ಗೊತ್ತಾಯಿತು.

"ಆಮೇಲೆ?" ಎಂದೆ.

"ಆಮೇಲೇನು, ಒಬ್ಬಳಿಗೆ ಮದುವೆ ಆಯ್ತು. ಒಬ್ಬಳಪ್ಪಂಗೆ ವರ್ಗ ಆಯ್ತು. ಇನ್ನೊಬ್ಬಳಿಗೂ ಮದುವೆ. ಇಬ್ಬರು ಉಳಕೊಂಡ್ವಿ. ಇಬ್ಬರಿಗೋಸ್ಕರ ಒಂದು ರೂಮು, ಒಬ್ಬ ಆಯಾ ಇಡಕ್ಕಾಗಲ್ಲ ಅಂತ ಹೆಡ್ಮಾಸ್ಟ್ರು ಟೀಸಿ ಕೊಟ್ಟು ಕಳಿಸಿದ್ರು. ಹತ್ತನೇ ಕ್ಲಾಸಿನ ಪರೀಕ್ಷೆಗೆ ನಾಕು ತಿಂಗಳು ಬಾಕಿ ಇತ್ತು." ಇಷ್ಟನ್ನೂ ನಗುತ್ತಲೇ ಹೇಳಿ, ಎದ್ದು ಅನ್ನಕ್ಕಿಡಲು ಹೋದಳು. ಪೋಷಕರ ಸಭೆಯಲ್ಲಿ ನನ್ನ ಮೊಣಕೈ ಯಾಕೆ ನೋಯಿತೆಂದು ಆಗ ತಿಳಿಯಿತು. ಚೇತನಾ ಮಹಡಿಯ ಮೇಲೆ ಫೋನಿನಲ್ಲಿದ್ದಳು, ಅವಳು ಇದನ್ನು ಕೇಳಲಿಲ್ಲ.

ಹುಡುಗಿಯರಿಗೆ ಆ ಮೆರವಣಿಗೆ ಬಹಳ ಹಿಡಿಸಿತು. ದಿನವೂ ಹೊಲಿಗೆ ಕೋಣೆಯಲ್ಲಿ ಸೇರಿ, ಕೋಡುಬಳೆ ತಿಂದು, ಮೇಷ್ಟ್ರ ಹಿಂದೆ ಹೋಗಿ, ಹುಡುಗರನ್ನು ಎದ್ದು ನಿಲ್ಲಿಸಿ, ಕೂರಿಸುತ್ತಿದ್ದರು. ರತ್ನ ದಿನವೂ ಎಣಿಸುತ್ತಿದ್ದಳು. ನನ್ನ ವ್ಯಾನು ಹತ್ತಿದ ತಕ್ಷಣ ಅವಳ ಮೊದಲ ಮಾತು, "ಇವತ್ತೂ ಏಳು."

ಅಕ್ಟೋಬರಿನಲ್ಲಿ ಎರಡು ಸಂಗತಿಗಳು ನಡೆದವು. ಒಬ್ಬ ಹುಡುಗಿಯ ತಂದೆಗೆ ಷಾರ್ಲೆಟ್‌ಗೆ ವರ್ಗವಾಯಿತು. ಉಳಿದವರು ಆರು. ಅದೇ ವಾರ ಇನ್ನೊಬ್ಬ ಹುಡುಗಿಯ ತಾಯಿ ಶಾಲೆಗೆ ಬಂದು, ನನ್ನ ಮಗಳನ್ನು ಕೈದಿಯ ಹಾಗೆ ಸಾಲಲ್ಲಿ ನಡೆಸುತ್ತಾರಂತೆ, ಇದು ಯಾವ ಶತಮಾನ ಎಂದು ಕೇಳಿದಳು. ಹೆಡ್ಮಾಸ್ಟರು ಕ್ಷಮೆ ಕೇಳುತ್ತಲೇ ಹೊಲಿಗೆ ಕೋಣೆಗೆ ಬಂದು, ಮಿಸ್ ರತ್ನ, ದಯವಿಟ್ಟು ಇನ್ನು ಬೇಡ, ಅವರು ಹುಡುಗರ ಹಾಗೆಯೇ ತಮ್ಮ ಪಾಡಿಗೆ ಹೋಗಲಿ ಎಂದರು.

ಅವರು ಹೇಳಿದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಆ ತಾಯಿ ಹೇಳಿದ್ದೂ ತಪ್ಪಲ್ಲ. ರತ್ನ ವ್ಯಾನಿನಲ್ಲಿ ಕೂತು, "ನಾನು ಒಳ್ಳೇದಾಗ್ಲಿ ಅಂತ ಮಾಡಿದ್ದು. ನನಗೆ ಗೊತ್ತಿದ್ದಿದ್ದೇ ಅದೊಂದು," ಎಂದಳು. ಆ ದಿನ ಎಣಿಕೆ ಹೇಳಲಿಲ್ಲ.

ಆಮೇಲೆ ಹುಡುಗಿಯರು ಒಬ್ಬೊಬ್ಬರಾಗಿ ಕ್ಲಾಸಿಗೆ ಹೋಗತೊಡಗಿದರು. ಒಬ್ಬಳೇ ಬಾಗಿಲು ತೆರೆದರೆ ಆಗಲೇ ಕೂತಿರುವ ಇಪ್ಪತ್ತೆರಡು ತಲೆಗಳು ತಿರುಗಿ ನೋಡುತ್ತವೆ. ಯಾರೂ ಕೆಟ್ಟದ್ದೇನೂ ಆಡುತ್ತಿರಲಿಲ್ಲ. ಬರೀ ನೋಡುವುದು. ಹದಿನಾಲ್ಕು ವರ್ಷದವರಿಗೆ ಅಷ್ಟೇ ಸಾಕು. ಡಿಸೆಂಬರ್ ಬಂದಾಗ ಚೇತನಾ ತಾಯಿಗೆ ಹೇಳಿದಳು: ಕ್ರಿಸ್ಮಸ್ ರಜೆ ಮುಗಿದ ಮೇಲೆ ನಾನು ನನ್ನ ಹಳೆ ಸ್ಕೂಲಿಗೆ ವಾಪಸ್ ಹೋಗುತ್ತೇನೆ.

"ಸರಿಯಮ್ಮ, ನಿನ್ನಿಷ್ಟ," ಎಂದಳು ರತ್ನ. ಎಂದವಳು ಕೈಯಲ್ಲಿದ್ದ ಸ್ಕರ್ಟಿನ ಅಂಚು ಹೊಲಿಯುವುದನ್ನು ಮುಂದುವರಿಸಿದಳು. ಮಾರನೆಯ ದಿನ ನೋಡಿದರೆ ಮುಂದಿನ ಪದರ, ಹಿಂದಿನ ಪದರ ಎರಡನ್ನೂ ಕೂಡಿಸಿ ಹೊಲಿದುಬಿಟ್ಟಿದ್ದಾಳೆ. ಸ್ಕರ್ಟು ಅಕ್ಕಿ ಚೀಲವಾಗಿತ್ತು. ಅಷ್ಟು ವರ್ಷಗಳಲ್ಲಿ ಅವಳ ಕೈ ತಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ಮಧ್ಯಾಹ್ನ ಚೇತನಾಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿತ್ತು. ವ್ಯಾನಿನಲ್ಲಿ ನಾವಿಬ್ಬರೇ. ನಾನು ಮಾತು ಬಾರದವನು ಎಂದೆನಲ್ಲ, ಕಣ್ಣು ರಸ್ತೆಯ ಮೇಲಿದ್ದರೆ ಸ್ವಲ್ಪ ಬರುತ್ತದೆ. ನಕ್ಷೆಯ ಕೋಣೆ, ಸೀಬೆಕಾಯಿ, ಐವರು ಇಬ್ಬರಾದದ್ದು, ಟೀಸಿ ಎಲ್ಲವನ್ನೂ ಹೇಳಿದೆ.

"ವೇಟ್. ಅಮ್ಮ ಟೆಂತ್ ಪಾಸ್ ಮಾಡಿಲ್ವಾ?"

"ಪರೀಕ್ಷೆಗೇ ಕೂರಿಸಲಿಲ್ಲವಲ್ಲ."

"ಬಟ್ ಶೀ ನೋಸ್ ಎವ್ರಿಥಿಂಗ್! ಅವಳಿಗೆ ಎಲ್ಲಾ ಕ್ಯಾಪಿಟಲ್ಸ್ ಗೊತ್ತು." ನನ್ನ ಕಡೆಗೆ ತಿರುಗಿದಳು. "ನಂಗೆ ಯಾಕೆ ಹೇಳಿಲ್ಲ?"

"ಹೇಳಿದರೆ ನೀನು ಅವಳಿಗೋಸ್ಕರ ಉಳೀತೀಯ. ಅದು ಅವಳಿಗೆ ಬೇಡ."

"ದೆನ್ ನೀವ್ ಯಾಕೆ ಹೇಳಿದ್ರಿ?"

"ನನಗೆ ಬೇಕು," ಎಂದೆ.

ಅವಳು ನಕ್ಕಳೋ ಅತ್ತಳೋ ನನಗೆ ಗೊತ್ತಾಗಲಿಲ್ಲ. ಮುಂದಿನ ಸಿಗ್ನಲ್ ಹಸಿರಾಗಿತ್ತು.

ಮಾರನೆಯ ಬೆಳಿಗ್ಗೆ ರತ್ನ ಶಾಲೆಯ ತನ್ನ ಕೋಣೆಯಲ್ಲಿ ಆ ಚೀಲದ ಹೊಲಿಗೆ ಬಿಚ್ಚುತ್ತಿದ್ದಳು. ಚೇತನಾ ಒಳಗೆ ಬಂದು ಬೆಂಚಿನ ಮೇಲೆ ಕೂತಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು, ಆರೂ ಜನ. ದೂರು ಕೊಟ್ಟ ತಾಯಿಯ ಮಗಳೂ ಬಂದಿದ್ದಳು. ಬೆಲ್ಲಾಯಿತು. "ಹೋಗ್ರಮ್ಮ, ಹೆಡ್ಮಾಸ್ಟ್ರು ಬೈತಾರೆ, ಗೋ, ಗೋ" ಎಂದು ರತ್ನ ಗಾಬರಿಯಾದಳು. ಯಾರೂ ಏಳಲಿಲ್ಲ. ಲ್ಯಾಟಿನ್ ಮೇಷ್ಟ್ರು ಕಾಫಿ ಹಿಡಿದು ಮೆಟ್ಟಿಲಿಳಿಯುವುದು ಕಂಡಮೇಲೆ ಹುಡುಗಿಯರೇ ಎದ್ದು ಹೋಗಿ ಕ್ಲಾಸಿನ ಬಾಗಿಲ ಹತ್ತಿರ ಸಾಲಾಗಿ ನಿಂತರು. "ಯೂ ಫಸ್ಟ್, ಸರ್," ಎಂದಳು ಚೇತನಾ. ಆ ಮುದುಕ ತಲೆಬಾಗಿ, "ಐ ಹ್ಯಾವ್ ಮಿಸ್ಡ್ ದಿಸ್," ಎಂದು ಒಳಗೆ ನಡೆದರಂತೆ.

ಹೆಡ್ಮಾಸ್ಟರು ವಿಚಾರಿಸಲು ಬಂದಾಗ ಹುಡುಗಿಯರು ಹೇಳಿದ್ದು ಒಂದೇ ಮಾತು: ನಮ್ಮನ್ನು ಯಾರೂ ನಡೆಸುತ್ತಿಲ್ಲ, ನಾವೇ ನಡೆಯುತ್ತಿದ್ದೇವೆ. ಆ ತಾಯಿಗೂ ಮಗಳು ಅದನ್ನೇ ಹೇಳಿದಳು. ಆದರೂ ಆ ಸಾಲನ್ನು ಉಳಿಸಿದವರು ಹುಡುಗರು ಎನ್ನಬೇಕು. ಮೇಷ್ಟ್ರಿಗಿಂತ ತಡವಾಗಿ ಬಂದವರು ಒಂದು ಪುಸ್ತಕದಲ್ಲಿ ಹೆಸರು ಬರೆಯಬೇಕಿತ್ತು. ಮೇಷ್ಟ್ರ ಜತೆಯಲ್ಲೇ, ಹುಡುಗಿಯರ ಸಾಲಿನ ಬಾಲ ಹಿಡಿದು ಒಳಗೆ ಹೋದರೆ ಅದು ತಡವಲ್ಲ ಎಂದು ಸೋಮಾರಿಗಳು ಕಂಡುಹಿಡಿದರು. ಜನವರಿಯ ಚಳಿಯಲ್ಲಿ ಬಾಯ್ಲರಿನ ಪಕ್ಕದ ಕೋಣೆಯಷ್ಟು ಬೆಚ್ಚಗಿನ ಜಾಗ ಆ ಗುಡ್ಡದ ಮೇಲೆ ಬೇರೆ ಇರಲಿಲ್ಲ. ಕೋಡುಬಳೆಯ ಆಸೆ ಬೇರೆ. ಫೆಬ್ರವರಿಗೆ ಅರ್ಧ ಕ್ಲಾಸೇ ಹೊಲಿಗೆ ಕೋಣೆಯ ಹೊರಗೆ ಸಾಲು ನಿಲ್ಲುತ್ತಿತ್ತು. ಮೇಷ್ಟ್ರು ಮುಂದೆ, ಹುಡುಗಿಯರು ಹಿಂದೆ, ಅವರ ಹಿಂದೆ ಹುಡುಗರು. ಒಳಗೆ ಎದ್ದು ನಿಲ್ಲುವವರೇ ಕಡಿಮೆಯಾಗಿಬಿಟ್ಟರು. ಚೇತನಾ ಹಳೆ ಸ್ಕೂಲಿನ ಮಾತನ್ನು ಮತ್ತೆ ಎತ್ತಲೇ ಇಲ್ಲ. ಯಾಕೆಂದು ತಾಯಿ ಕೇಳಲಿಲ್ಲ. ನಾನಂತೂ ರಸ್ತೆಯನ್ನೇ ನೋಡುತ್ತಿದ್ದೆ.

ಮೇ ತಿಂಗಳಲ್ಲಿ ಟ್ರಸ್ಟಿಗಳ ಸಭೆ ನಡೆಯಿತು. ಆ ದಿನ ಏನಾದರೂ ನೆಪ ಬೇಕೆಂದು ಬಾಯ್ಲರ್ ನೋಡುವುದಕ್ಕೆ ಹೋದೆ. ಮೇ ತಿಂಗಳಲ್ಲಿ ಬಾಯ್ಲರಿಗೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ, ಅವರ ದೊಡ್ಡತನ. ಸಂಜೆ ಹೆಡ್ಮಾಸ್ಟರು ಕೆಳಗೆ ಬಂದರು. ರತ್ನ ಸೂಜಿ ಹಿಡಿದವಳು ಹಾಗೆಯೇ ಎದ್ದು ನಿಂತಳು. ಅವರು ಸಭೆಯ ಸುದ್ದಿ ಏನನ್ನೂ ಹೇಳಲಿಲ್ಲ. "ಮಿಸ್ ರತ್ನ, ಕ್ಷಮಿಸಿ, ಬೇಸಿಗೆಯಲ್ಲಿ ನಿಮಗೆ ಸ್ವಲ್ಪ ತೊಂದರೆ. ಸೆಪ್ಟೆಂಬರಿಗೆ ಇಪ್ಪತ್ತನಾಲ್ಕು ಸ್ಕರ್ಟು ಬೇಕು," ಎಂದರು.

"ವಿತ್ ಪಾಕೆಟ್?" ಎಂದು ಕೇಳಿದಳು ನನ್ನ ಹೆಂಡತಿ.

"ವಿತ್ ಪಾಕೆಟ್ಸ್," ಎಂದರು ಅವರು.

ಈ ನಕ್ಷೆ ಆ ಬೇಸಿಗೆಯದು. ಸೋವಿಯತ್ ಯೂನಿಯನ್ ಇನ್ನೂ ಒಂದೇ ತುಂಡಾಗಿರುವ ಹಳೆಯ ನಕ್ಷೆಗಳನ್ನು ಶಾಲೆಯವರು ಹೊರಗೆ ಹಾಕಿದಾಗ ರತ್ನ ಒಂದನ್ನು ಕೇಳಿ ತೆಗೆದುಕೊಂಡಳು. ವ್ಯಾನಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸುರುಳಿಯ ತುದಿಗೆ ಮೂಗಿಟ್ಟು, "ರೀ, ಅದೇ ವಾಸನೆ," ಎಂದಳು. ಮನೆಯವರೆಗೂ ಮೂಗು ತೆಗೆಯಲಿಲ್ಲ.

ಮೊನ್ನೆ ಮೆಟ್ಟಿಲ ಮೇಲೆ ಕೂತು ಇಷ್ಟೆಲ್ಲ ನೆನೆದಾಗ ಇನ್ನೊಂದು ವಿಷಯ ಹೊಳೆಯಿತು. ಹತ್ತು ತಿಂಗಳ ಹಿಂದೆ, ಅವಳನ್ನು ಕೊನೆಯ ಸಲ ನೋಡಲು ಎಲ್ಲರೂ ಸೇರಿದ್ದ ಹಾಲ್‌ನ ಬಾಗಿಲಲ್ಲಿ ನಾನು ನಿಂತಿದ್ದೆ. ಕಾಲು ಮುಂದೆ ಹೋಗುತ್ತಿರಲಿಲ್ಲ. ಕೆಲವು ಹೆಂಗಸರು ಅಲ್ಲೇ ಗೋಡೆಗೆ ಒತ್ತಿ ನಿಂತಿದ್ದರು. ಯಾರೋ ಒಬ್ಬಳು ಮೆಲ್ಲಗೆ, "ಯೂ ಫಸ್ಟ್, ಅಂಕಲ್," ಎಂದಳು. ನಾನು ಒಳಗೆ ಹೋದೆ. ಎಲ್ಲರೂ ಎದ್ದು ನಿಂತರು. ನನ್ನ ಹಿಂದೆ ಒಂದೇ ಅಳತೆಯ ಹೆಜ್ಜೆಯ ಸದ್ದು ಬರುತ್ತಿತ್ತು. ಸಾವಿನ ಮನೆಯ ಮರ್ಯಾದೆ ಎಂದುಕೊಂಡಿದ್ದೆ. ಆ ದಿನ ನನ್ನ ತಲೆಯೊಳಗೆ ಏನೂ ಇಳಿದಿರಲಿಲ್ಲ.

ಫಿಲ್ಟರ್ ಅಲ್ಲೇ ಬಿಟ್ಟು ಶ್ಯಾಂಟಿಲಿಯಲ್ಲಿರುವ ಚೇತನಾಗೆ ಫೋನ್ ಮಾಡಿದೆ.

"ಅವತ್ತು ನನ್ನ ಹಿಂದೆ ಬಂದವರು ನೀವೇನಾ?"

"ಅಪ್ಪ! ನಿಮಗೆ ಈಗ ಗೊತ್ತಾಯ್ತಾ? ವೀ ಪ್ರ್ಯಾಕ್ಟಿಸ್ಡ್ ಇನ್ ದ ಪಾರ್ಕಿಂಗ್ ಲಾಟ್!"

"ಎಷ್ಟು ಜನ ಇದ್ರಿ?"

"ಸೆವೆನ್. ಷಾರ್ಲೆಟ್‌ಗೆ ಹೋದಳಲ್ಲ, ಅವಳೂ ಬಂದಿದ್ಲು. ಏಳು ಗಂಟೆ ಡ್ರೈವ್ ಮಾಡ್ಕೊಂಡು."

ಏಳು. ನಾನು ಫೋನಿಟ್ಟು ಹೊಸ ಫಿಲ್ಟರ್ ಹಾಕಿದೆ. ಫರ್ನೇಸಿನ ಕೆಮ್ಮು ನಿಂತಿತು.

ಮನೆಯ ಮಹಡಿಯ ಮೇಲೂ ರತ್ನನದೊಂದು ಹೊಲಿಗೆ ಕೋಣೆಯಿದೆ. ಹತ್ತು ತಿಂಗಳಿಂದ ಆ ಬಾಗಿಲನ್ನು ನಾನು ತೆಗೆದಿಲ್ಲ. ಅಂಚು ಮಡಿಸಲೆಂದು ಕೊಟ್ಟ ನನ್ನ ಪ್ಯಾಂಟೊಂದು ಯಂತ್ರದ ಮೇಲೆ ಹಾಗೇ ಇದೆಯೆಂದು ಗೊತ್ತು. ನಕ್ಷೆಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಆ ಬಾಗಿಲ ಮುಂದೆ ನಿಂತೆ. ಎಂದಿನಂತೆ ಕಾಲು ನಿಂತಿತು. ಸುರುಳಿಯನ್ನು ನೆಟ್ಟಗೆ ಮುಂದೆ ಹಿಡಿದು, "ನೀನು ಮೊದಲು," ಎಂದೆ. ಬಾಗಿಲು ತೆರೆದು, ಅದರ ಹಿಂದೆ ಹಿಂದೆ ಹೋದೆ.

ಒಳಗೆ ಬೆಳಕು ಚೆನ್ನಾಗಿತ್ತು. ಯಂತ್ರ, ಕುರ್ಚಿ, ಗುಂಡಿಯ ಡಬ್ಬಗಳು, ಬಾಗಿಲ ಗೂಟಕ್ಕೆ ತೂಗಿದ್ದ ಅವಳ ಸ್ವೆಟರು, ಎಲ್ಲವೂ ನನ್ನ ಕಡೆಗೇ ನೋಡುತ್ತಾ ನಿಂತಂತಿದ್ದವು.

"ಥ್ಯಾಂಕ್ ಯೂ," ಎಂದೆ. "ಕೂತ್ಕೊಳ್ಳಿ."